ಅಕ್ಕನಿಗಾಗಿ ಎತ್ತಿಟ್ಟ ಬಿಸಿಲು

ಬಿಸಿಲಿರುವ ಹೊತ್ತಿನಲ್ಲಿ ನಮ್ಮ ಕಾರು ಮನೆಯಲ್ಲಿರುತ್ತಿರಲಿಲ್ಲ. ಕಾರು ಮನೆಗೆ ಬರುವ ಹೊತ್ತಿಗೆ ಬಿಸಿಲಿರುತ್ತಿರಲಿಲ್ಲ. ಆ ವರ್ಷದ ನಮ್ಮ ತಾಪತ್ರಯವನ್ನೆಲ್ಲ ಇಷ್ಟರಲ್ಲೇ ಹೇಳಿ ಮುಗಿಸಬಹುದು. ಬೆಳಿಗ್ಗೆ ತಿಂಡಿಯ ಪಾತ್ರೆಗಳನ್ನು ಸಿಂಕಿನಲ್ಲಿ ನೆನೆಹಾಕಿ ನಾನು ಶಿವಮೊಗ್ಗದಿಂದ ಭದ್ರಾವತಿಗೆ ಹೊರಡುತ್ತಿದ್ದೆ. ಓಲ್ಡ್ ಟೌನಿನ ಗಲ್ಲಿಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು ಅದೇ ದಾರಿಯಲ್ಲಿ ಹಿಂದಿರುಗಿ ಶಿವಮೊಗ್ಗದ ಆಸ್ಪತ್ರೆಗೆ ಬರುತ್ತಿದ್ದೆ. ಅಲ್ಲಿ ಅವಳಿಗೆ ರೇಡಿಯೇಷನ್. ಸರತಿ ಬಂದು, ಮುಗಿದು, ಡಾಕ್ಟರು ನೋಡಿ ಕಳಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿರುತ್ತಿತ್ತು. ಮತ್ತೆ ಭದ್ರಾವತಿ, ಮತ್ತೆ ಶಿವಮೊಗ್ಗ. ಒಂದೇ ದಾರಿಯನ್ನು ದಿನಕ್ಕೆ ನಾಲ್ಕು ಸಲ ನೋಡುವುದೆಂದರೆ ಮಾಚೇನಹಳ್ಳಿಯ ಯಾವ ಟೀ ಅಂಗಡಿಯವನು ಯಾವ ಬಣ್ಣದ ಟಾರ್ಪಾಲು ಕಟ್ಟಿದ್ದಾನೆ ಎನ್ನುವುದೂ ಬಾಯಿಪಾಠವಾಗಿಬಿಡುತ್ತದೆ.

ಕಾರನ್ನು ಕೊಂಡದ್ದು ಅಕ್ಕನ ಕಾಯಿಲೆ ಗೊತ್ತಾಗುವುದಕ್ಕೂ ಮೊದಲು. ನಮ್ಮ ಮನೆಯವರು ಭದ್ರಾವತಿಯ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದವರು. ಕಾರ್ಖಾನೆ ನಿಂತ ಮೇಲೆ ಗಾಂಧಿ ಬಜಾರಿನಲ್ಲಿ ದಾಯಾದಿಯೊಬ್ಬರ ಅಂಗಡಿಯಲ್ಲಿ ಕೂರುತ್ತಿದ್ದರೂ ಮನಸ್ಸೆಲ್ಲ ವೈರು, ಸ್ವಿಚ್ಚುಗಳಲ್ಲೇ ಇತ್ತು. ತಾರಸಿಯ ಮೇಲೆ ಸೋಲಾರ್ ಹಾಕಿಸಿದರು. ಆಮೇಲೆ ಪೆಟ್ರೋಲ್ ಕಾರು ಮಾರಿ ಕರೆಂಟಿನ ಕಾರು ತಂದರು. ತಂದ ಮೇಲೆ ಗೊತ್ತಾದದ್ದು, ನಮ್ಮ ಬೀದಿ ಟ್ರಾನ್ಸ್‌ಫಾರ್ಮರ್‌ನಿಂದ ಬಹಳ ದೂರ. ಸಂಜೆ ಎಲ್ಲರ ಮನೆಯ ದೀಪ ಹತ್ತಿದರೆ ಸಾಕು, ವೋಲ್ಟೇಜು ಕುಸಿದು ಚಾರ್ಜರು ತಾನಾಗಿ ನಿಂತುಬಿಡುತ್ತದೆ, ಬೆಳಗಿನವರೆಗೂ ಅದೇ ಕಥೆ. ಅದಕ್ಕೇ ಬ್ಯಾಟರಿ. ಹಗಲಿನ ಬಿಸಿಲನ್ನು ಅದರಲ್ಲಿ ತುಂಬಿಟ್ಟುಕೊಂಡು ರಾತ್ರಿ ಕಾರಿಗೆ ಕೊಡುವುದು. ಮಹಡಿಯ ಮೆಟ್ಟಿಲ ಕೆಳಗೆ ಉಪ್ಪಿನಕಾಯಿ ಜಾಡಿಗಳಿದ್ದ ಸಂದಿನಲ್ಲಿ ಬಿಳಿ ಬೀರುವಿನಂಥ ಒಂದು ಪೆಟ್ಟಿಗೆ ಬಂದು ನಿಂತಿತು. ಜಾಡಿಗಳು ಅಡುಗೆಮನೆಯ ಅಟ್ಟ ಸೇರಿದವು.

ಎದುರು ಮನೆಯಾಕೆ ಗೇಟಿನಲ್ಲಿ ನಿಂತು, ಬಿಸಿಲನ್ನೂ ಡಬ್ಬಿಗೆ ಹಾಕಿ ಮುಚ್ಚಳ ಹಾಕ್ತೀರಂತಲ್ಲ ಮಾರಾಯ್ತಿ, ನಮಗೂ ಒಂದು ಪಾವು ಕೊಡಿ ಎಂದು ನಗಾಡುತ್ತಿದ್ದರು. ಅತ್ತೆಗೆ ಬೇರೆಯದೇ ಸಂಕಟ. ತಾರಸಿಯಲ್ಲಿ ಸಂಡಿಗೆ ಹಾಕಲು ಇದ್ದ ಒಳ್ಳೆಯ ಜಾಗವನ್ನೆಲ್ಲ ಆ ಗಾಜಿನ ಹಲಗೆಗಳು ನುಂಗಿದ್ದವು. ಅವುಗಳ ನೆರಳು ಸರಿದ ಹಾಗೆ ಅತ್ತೆ ಸಂಡಿಗೆಯ ಬಟ್ಟೆಯನ್ನೂ ಎಳೆದುಕೊಂಡು ಸರಿಯುತ್ತಿದ್ದರು.

ಅಕ್ಕನಿಗೆ ಮಾತ್ರ ಆ ಕಾರು ಬೇಕಾಗಿಯೇ ಬಂದಿತು. ಕೀಮೋ ಆದ ಮೇಲೆ ಅವಳಿಗೆ ಪೆಟ್ರೋಲು, ಡೀಸೆಲ್ ವಾಸನೆ ಒಂದಿಷ್ಟೂ ಆಗುತ್ತಿರಲಿಲ್ಲ. ಒಮ್ಮೆ ಬಾಡಿಗೆ ಕಾರಿನಲ್ಲಿ ಕರೆತಂದಾಗ ಅರ್ಧ ದಾರಿಯಲ್ಲಿ ಇಳಿದು ರಸ್ತೆ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹೊಟ್ಟೆಯಲ್ಲಿ ಏನೂ ಇಲ್ಲದೆ ಓಕರಿಸುತ್ತಲೇ ಇದ್ದಳು. ಬಸ್ಸಂತೂ ಅಸಾಧ್ಯ, ಅದರ ಕುಲುಕಾಟಕ್ಕೆ ಅವಳ ಬೆನ್ನಿನ ಮೂಳೆ ಹಿಂಡಿದಂತಾಗುತ್ತಿತ್ತು. ನಮ್ಮ ಕಾರಿನಲ್ಲಿ ವಾಸನೆಯಿಲ್ಲ, ಸದ್ದಿಲ್ಲ, ನಡುಕವಿಲ್ಲ. ಮೊದಲ ದಿನ ಸೀಟಿಗೆ ತಲೆಯಾನಿಸಿ, ದೇವರ ಪಲ್ಲಕ್ಕಿ ಇದ್ದ ಹಾಗಿದೆ ಕಣೇ, ಹೊರೋರು ಮಾತ್ರ ಕಾಣಲ್ಲ ಅಂದಳು.

ಅವಳು ನಮ್ಮ ಮನೆಯಲ್ಲೇ ಇದ್ದುಬಿಟ್ಟಿದ್ದರೆ ಇಷ್ಟೆಲ್ಲ ಓಡಾಟ ಬೇಕಿರಲಿಲ್ಲ. ಭಾವ ಇಲ್ಲವಾಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಓಲ್ಡ್ ಟೌನಿನ ಆ ಎರಡು ಕೋಣೆಯ ಮನೆಯಲ್ಲಿ ಅವಳೂ ಅವಳ ಹೊಲಿಗೆ ಯಂತ್ರವೂ. ಬ್ಲೌಸು ಹೊಲಿಯುತ್ತಿದ್ದಳು, ಸೀರೆಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಕಾಯಿಲೆ ಬಂದ ಮೇಲೆ ಯಂತ್ರ ತುಳಿಯುವುದು ನಿಂತು ಕುಚ್ಚು ಮಾತ್ರ ಉಳಿದಿತ್ತು. ನಾನು ಎಷ್ಟೋ ಸಲ ಕರೆದೆ. ಮಹಡಿಯ ಕೋಣೆ ಖಾಲಿ ಇದೆ, ಅತ್ತೆಯೂ ಬಾ ಅಂತಾರೆ, ಯಾಕೆ ಈ ಹಟ ಎಂದು ಕೇಳಿದೆ. ಅವಳು ಪ್ರತಿ ಸಲವೂ ಒಂದೊಂದು ನೆಪ ಹೇಳಿದಳು. ನಲ್ಲಿ ನೀರು ಬರುವ ಹೊತ್ತು, ಯಾರೋ ಸೀರೆ ಕೊಡಲು ಬರುತ್ತಾರೆ, ಬೆಕ್ಕು ಮರಿ ಹಾಕಿದೆ. ಒಂದು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ನಾನು ಬಿಡದೆ ಕೇಳಿದ್ದಕ್ಕೆ ಅವಳ ದನಿ ಗಟ್ಟಿಯಾಯಿತು.

"ಹಗಲು ಪೂರ್ತಿ ನೀನು ಹೇಳಿದ ಕಡೆ ಬರ್ತೀನಿ. ಸೂಜಿ ಚುಚ್ಚು ಅಂದ್ರೆ ಚುಚ್ಚಿಸ್ಕೊಳ್ತೀನಿ. ರಾತ್ರಿ ಒಂದು ನನಗೆ ಬಿಡು. ಅದನ್ನ ಮಾತ್ರ ಕೇಳ್ಬೇಡ."

ಆಮೇಲೆ ನಾನು ಕೇಳಲಿಲ್ಲ. ಡಾಕ್ಟರು ಅವಳನ್ನು ಒಳಗೆ ಮಲಗಿಸಿ ನನ್ನನ್ನು ಹೊರಗೆ ಕರೆದು, ಈ ರೇಡಿಯೇಷನ್ ನೋವು ಕಡಿಮೆಯಾಗಲಿ ಎಂದಷ್ಟೇ ಕೊಡುತ್ತಿರುವುದು ಎಂದು ಹೇಳಿಯಾಗಿತ್ತು. ಗುಣವಾಗುವ ಮಾತನ್ನು ಅವರು ಎತ್ತಲಿಲ್ಲ. ಅಂಥವಳು ಕೇಳುತ್ತಿರುವುದು ರಾತ್ರಿ ತನ್ನ ಮನೆಯಲ್ಲಿ ಮಲಗುವುದನ್ನು. ಅದನ್ನು ನಡೆಸಿಕೊಡುವುದು ನಮ್ಮ ಕಾರಿನ ಕೈಯಲ್ಲಿತ್ತು. ಕಾರಿನದು ಬ್ಯಾಟರಿಯ ಕೈಯಲ್ಲಿ, ಬ್ಯಾಟರಿಯದು ಆಕಾಶದ ಕೈಯಲ್ಲಿ.

ಆಕಾಶವೋ, ಆ ಸಲ ಮಳೆಗಾಲ ಮುಗಿದರೂ ತಿಳಿಯಾಗಲಿಲ್ಲ. ಗಣಪತಿ ಹಬ್ಬ ಕಳೆದು ಪಿತೃಪಕ್ಷ ಬಂದರೂ ಒದ್ದೆ ಕಂಬಳಿ ಹೊದ್ದ ಹಾಗೆ ಮೋಡ. ಮಳೆಯಾದರೂ ಸುರಿದು ಹೋಗಲಿ ಎಂದರೆ ಅದೂ ಇಲ್ಲ. ಸಂಜೆ ನಾನು ಬಂದು ಕಾರಿಗೆ ಚಾರ್ಜರಿನ ಕೇಬಲ್ ಸಿಕ್ಕಿಸುವ ಮೊದಲೇ ಮನೆಯವರು ಮೊಬೈಲು ನೋಡಿ, ಅರ್ಧವೂ ತುಂಬಿಲ್ಲ ಕಣೇ ಅನ್ನುತ್ತಿದ್ದರು. ಇರುವಷ್ಟೂ ಕಾರಿಗೇ ಹೋಗಲೆಂದು ಮನೆಯಲ್ಲಿ ಉಳಿದದ್ದನ್ನೆಲ್ಲ ಬಿಗಿ ಮಾಡಿದರು. ಬ್ಯಾಟರಿಯಿಂದ ಫ್ಯಾನೂ ತಿರುಗಬಾರದು. ಅತ್ತೆಯ ಧಾರಾವಾಹಿ ಬೀದಿಯ ಕರೆಂಟಿನಲ್ಲಿ, ಅದು ಹೋದರೆ ಧಾರಾವಾಹಿಯೂ ಹೋಯಿತು. ಅತ್ತೆ ಗೊಣಗಲಿಲ್ಲ. ಆ ಹುಡುಗಿಗೆ ಮನೆ ಮುಟ್ಟೋಕ್ಕಾದ್ರೂ ಆಗ್ಲಿ ಎಂದು ಕತ್ತಲಲ್ಲೇ ಜಪಕ್ಕೆ ಕೂರುತ್ತಿದ್ದರು. ಅರವತ್ತು ದಾಟಿದ ಅಕ್ಕ ಅವರಿಗೆ ಹುಡುಗಿ.

ನನಗೆ ಹೋದಲ್ಲೆಲ್ಲ ಬೆಳಕು ಅಳೆಯುವ ರೋಗ ಹತ್ತಿತು. ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಎತ್ತರಕ್ಕೆ ಒಂದು ಗವಾಕ್ಷಿ ಇತ್ತು. ಅದರಿಂದ ನೆಲದ ಮೇಲೆ ಬೀಳುವ ಬೆಳಕಿನ ಚೌಕ ಪ್ರಖರವಾದರೆ ಮನೆಯ ಮೆಟ್ಟಿಲ ಕೆಳಗೆ ಒಂದಿಷ್ಟು ತುಂಬುತ್ತಿದೆ, ಮಸುಕಾದರೆ ನಿಂತಿದೆ ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ಪಕ್ಕದಲ್ಲಿ ಕೂತವರು ಕೈಯಲ್ಲಿ ಜಪಮಣಿ ಹಿಡಿದಿರುತ್ತಿದ್ದರು, ಕೆಲವರು ಫೋನು. ನಾನು ನೆಲ ನೋಡುತ್ತಿದ್ದೆ. ನಾನೂ ಅಕ್ಕನೂ ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಪ್ರಾರ್ಥನೆಗೆ ಕಣ್ಣು ಮುಚ್ಚಬೇಕು ಎಂದು ಕಲಿಸಿದ್ದರು. ಈ ಪ್ರಾರ್ಥನೆಗೆ ಕಣ್ಣು ತೆರೆದೇ ಇರಬೇಕಾಗಿತ್ತು.

ಹೇಗೋ ಒಂದು ದಿನವೂ ತಪ್ಪದೆ ಅವಳನ್ನು ಮನೆಗೆ ಮುಟ್ಟಿಸಿದೆವು. ಕೆಲವು ಸಂಜೆ ಹಿಂದಿರುಗುವಾಗ ಕಾರಿನ ಮುಂದಿನ ಪರದೆ ಕೆಂಪು ತೋರಿಸುತ್ತಿತ್ತು. ಏಸಿ ಆರಿಸಿ, ಸೈಕಲ್ಲಿನ ವೇಗದಲ್ಲಿ ಬಂದದ್ದಿದೆ. ಹಿಂದಿನ ಲಾರಿಯವರು ಬೈದುಕೊಂಡು ಮುಂದೆ ಹೋಗುತ್ತಿದ್ದರು.

ಹೀಗಿರುವಾಗ ಆಯುಧ ಪೂಜೆ ಬಂತು. ಆ ದಿನ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅಂಗಳದ ರಂಗೋಲಿಯ ಮೇಲೆ ತೊಳೆದಿಟ್ಟಂಥ ಬಿಸಿಲು. ಎಷ್ಟೋ ವಾರದ ಮೇಲೆ ಪಕ್ಕದ ಮನೆಯ ಗೋಡೆಯ ನೆರಳು ಗೆರೆ ಹೊಡೆದಂತೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಪೂಜೆಯಿದೆ, ಬೇಗ ಮುಗಿಸುತ್ತೇವೆ, ಬೇಗ ಕರೆತನ್ನಿ ಎಂದು ಹಿಂದಿನ ದಿನವೇ ಹೇಳಿದ್ದರು. ಹೋದೆವು. ಅಕ್ಕನನ್ನು ಮಲಗಿಸುವ ಆ ದೊಡ್ಡ ಯಂತ್ರಕ್ಕೂ ಅರಿಸಿನ ಕುಂಕುಮ ಹಚ್ಚಲು ತಟ್ಟೆ ಸಿದ್ಧವಾಗಿತ್ತು. ಹೊರಗೆ ಬಂದ ಅಕ್ಕನ ಕೈಯಲ್ಲಿ ಕಡಲೆಪುರಿಯ ಪೊಟ್ಟಣ. ಮಿಷನ್ ಪ್ರಸಾದ ಕೊಡ್ತು ನೋಡು, ಇಷ್ಟು ದಿನ ಸುಟ್ಟಿದ್ದಕ್ಕೆ ಎಂದು ನನ್ನ ಬಾಯಿಗೂ ನಾಲ್ಕು ಕಾಳು ಹಾಕಿದಳು. ಹಬ್ಬದ ಊಟ ನಮ್ಮಲ್ಲೇ ಎಂದು ಮೊದಲೇ ಮಾತಾಗಿತ್ತು. ನಡುಮಧ್ಯಾಹ್ನಕ್ಕೆ ಮೊದಲೇ ಮನೆಯಲ್ಲಿದ್ದೆವು. ಅಷ್ಟು ದಿನಗಳಲ್ಲಿ ಕಾರೂ ಬಿಸಿಲೂ ಒಟ್ಟಿಗೆ ಮನೆಯಲ್ಲಿದ್ದದ್ದು ಅಂದು ಮಾತ್ರ.

ಮನೆಯವರು ಪಂಚೆಯುಟ್ಟು ಕಾಯುತ್ತಿದ್ದರು. ಕಾರನ್ನು ಅಂಗಳದಲ್ಲೇ ತೊಳೆದು ಮೂಗಿಗೆ ಚೆಂಡು ಹೂವಿನ ಮಾಲೆ ಹಾಕಿದರು, ಚಕ್ರದಡಿ ನಿಂಬೆಹಣ್ಣಿಟ್ಟು ಒಂದು ಗೇಣು ಮುಂದೆ ಬಿಟ್ಟು ಹಿಂಡಿಸಿದರು. ತಾರಸಿಗೆ ಹತ್ತಿ ಹಲಗೆಗಳ ಅಂಚಿಗೆ ಹೂವು ಸಿಕ್ಕಿಸಿ ಬಂದರು. ಅತ್ತೆ ಮೆಟ್ಟಿಲ ಕೆಳಗೆ ಬಗ್ಗಿ ಬ್ಯಾಟರಿಯ ಬಿಳಿ ಮೈಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅಲ್ಲೊಬ್ಬ ಯಜಮಾನ ಕೂತಂತೆ ಕಂಡಿತು. ಮಂಗಳಾರತಿಗೆ ಮುಂಚೆ ಮನೆಯವರು ತಾರಸಿಯಿಂದ ಬರುವುದನ್ನೂ, ಇನ್ವರ್ಟರನ್ನೂ, ಬ್ಯಾಟರಿಯನ್ನೂ ಒಂದೊಂದಾಗಿ ಆರಿಸಿದರು. ಕಾರ್ಖಾನೆಯ ಕ್ರಮ ಅದು. ಅಲ್ಲಿ ಹಬ್ಬದ ದಿನ ಯಂತ್ರವನ್ನೆಲ್ಲ ನಿಲ್ಲಿಸಿ, ಒರೆಸಿ, ಹೂವು ಹಾಕಿ ಪೂಜೆ ಮಾಡಿದ ಮೇಲೆ ಮರುದಿನ ವಿಜಯದಶಮಿಗೆ ಮತ್ತೆ ಕೈಮುಗಿದೇ ಚಾಲೂ ಮಾಡಬೇಕು. ನಡುವೆ ಯಾರೂ ಮುಟ್ಟುವಂತಿಲ್ಲ. ಕಾರ್ಖಾನೆ ಹೋದರೂ ಆ ಕ್ರಮ ಅವರ ಕೈಯಲ್ಲಿ ಉಳಿದಿತ್ತು. ಮಿಕ್ಸಿಯನ್ನೂ, ಅತ್ತೆಯ ಕತ್ತರಿಯನ್ನೂ ಹಾಗೆಯೇ ಮಲಗಿಸಿದರು. ಪೆಟ್ಟಿಗೆಯ ಮೇಲಿನ ಹಸಿರು ದೀಪ ಆರಿತು. ಎಲ್ಲರೂ ಕೈಮುಗಿದೆವು, ಅಕ್ಕನೂ.

ಊಟ ಸಾವಕಾಶವಾಯಿತು. ಅಕ್ಕ ಅರ್ಧ ಹೋಳಿಗೆಯನ್ನು ಹಾಲಿನಲ್ಲಿ ಕಿವುಚಿ ತಿಂದಳು. ಅವಳು ಅಷ್ಟು ತಿಂದದ್ದೇ ನಮಗೆ ಹಬ್ಬ. ಅಡುಗೆಮನೆ ಬಳಿದು ಬರುವ ಹೊತ್ತಿಗೆ ನೋಡಿದರೆ ಅವಳು ಚೀಲ ಮಡಿಲಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಜಗಲಿಯ ತುದಿಯಲ್ಲಿ ಕೂತಿದ್ದಳು. ಅತ್ತೆಗೆ ಅಚ್ಚರಿ. ಹಬ್ಬದ ಸಂಜೆ ಹೆಣ್ಣುಮಗಳು ಮನೆಯಿಂದ ಹೊರಡುವುದುಂಟೇ, ಇವತ್ತು ಇರುತ್ತಾಳೆ ಎಂದೇ ಅವರು ಮಹಡಿಯ ಕೋಣೆಯಲ್ಲಿ ಹಾಸಿಗೆ ಹಾಕಿಸಿದ್ದರು. ಮನೆಯವರೂ ಹಾಗೆಯೇ ಅಂದುಕೊಂಡಿದ್ದರು. ಅಂದುಕೊಳ್ಳದೆ ಇದ್ದವಳು ಅಕ್ಕ ಒಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ.

ನಾನು ಕಾರಿನ ಬಾಗಿಲು ತೆಗೆದು ನೋಡಿದೆ. ಹಿಂದಿನ ದಿನಗಳ ಮೋಡದಲ್ಲಿ ಅರೆಬರೆ ತುಂಬಿದ್ದು ಬೆಳಗಿನ ಓಡಾಟಕ್ಕೇ ಮುಗಿದಿತ್ತು. ಭದ್ರಾವತಿಗೆ ಹೋಗುವಷ್ಟಿತ್ತು, ಬರುವಷ್ಟಿರಲಿಲ್ಲ. ಮೇಲೆ ಅಷ್ಟು ಬಿಸಿಲು ಇಡೀ ಮಧ್ಯಾಹ್ನ ಹಲಗೆಗಳ ಮೇಲೆ ಸುಮ್ಮನೆ ಬಿದ್ದು ಹೋಗಿತ್ತು. ನಾನು ಒಳಗೆ ಹೋಗಿ ಮನೆಯವರಿಗೆ ಮೆಲ್ಲಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಮೆಟ್ಟಿಲ ಕೆಳಗೆ ಹೋಗಿ ಬಗ್ಗಿ ಪೆಟ್ಟಿಗೆಗೆ ಹಾಕಿದ್ದ ಹೂವಿನ ಹಾರಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಬಂದು ಅವರ ಹಿಂದೆ ನಿಂತಿದ್ದಳು.

"ತೆಗೀಬೇಡಿ. ಪೂಜೆ ಮಾಡಿ ಮಲಗ್ಸಿದ್ದನ್ನ ಎಬ್ಬಿಸ್ಬಾರ್ದು."

"ಅಕ್ಕಾ, ನಂದೇ ತಪ್ಪು. ಬೆಳಿಗ್ಗೆಯ ಬಿಸಿಲು ಇದ್ರಲ್ಲಿದೆ, ಹಾಕಿದ್ರೆ ಒಂದೆರಡು ಗಂಟೇಲಿ ಹೋಗಿಬರೋವಷ್ಟು ಆಗುತ್ತೆ. ದೇವ್ರು ಏನೂ ಅನ್ನಲ್ಲ," ಎಂದರು ಇವರು.

"ದೇವ್ರು ಅನ್ನಲ್ಲ, ನನ್ನ ಮನಸ್ಸು ಅನ್ನುತ್ತೆ. ನಾನೂ ನಿನ್ನೆ ರಾತ್ರೀನೆ ನನ್ನ ಮಿಷನ್ನಿಗೆ ಹೂವ ಇಟ್ಟು ಬಟ್ಟೆ ಹೊದಿಸಿ ಬಂದಿದೀನಿ. ಅದು ಮಲ್ಗಿದೆ, ಇದೂ ಮಲಗ್ಲಿ. ಒಂದಿನ ತಾನೆ."

ಒಂದಿನ ತಾನೆ ಎಂದು ಅವಳು ನಕ್ಕಳು. ಬಾಡಿಗೆ ಕಾರು ತರಿಸಲೇ ಎಂದು ಇವರು ಕೇಳಿದ್ದಕ್ಕೆ, ತಿಂದ ಹೋಳಿಗೆ ಒಳಗೇ ಇರ್ಲಿ ಬಿಡಿ ಅಂದಳು. ಅತ್ತೆಗೆ ಖುಷಿಯಾಯಿತು. ಇರಮ್ಮ, ಇರು ಎಂದು ಅವಳ ಚೀಲವನ್ನು ತಾವೇ ತೆಗೆದುಕೊಂಡು ಒಳಗಿಟ್ಟರು. ಅಕ್ಕ ಚಪ್ಪಲಿ ಬಿಟ್ಟಳು. ಎರಡನ್ನೂ ಬೆರಳಿನಿಂದ ಜೋಡಿಸಿ ಗೋಡೆಗೆ ತಾಗಿಸಿ ಇಟ್ಟದ್ದು, ಆಮೇಲೆ ಅವುಗಳನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತದ್ದು ನನಗೆ ಕಾಣಿಸಿತು.

ಮರುದಿನ ಬೆಳಿಗ್ಗೆ ನಾನು ಕಾಫಿ ಹಿಡಿದು ಮಹಡಿಗೆ ಹೋದಾಗ ಅವಳು ಆಗಲೇ ಸ್ನಾನಕ್ಕೆ ಹೋಗಿದ್ದಳು. ಹಾಸಿಗೆಯನ್ನು ಮಡಿಸಿ, ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದಳು. ದಿಂಬಿನ ಮೇಲೆ ನಾನು ಅವಳಿಗೆ ಕೊಟ್ಟಿದ್ದ ಟವೆಲು ಚೌಕವಾಗಿ ಮಡಿಸಿತ್ತು. ಒಗೆಯಲು ಹಾಕೋಣವೆಂದು ಎತ್ತಿಕೊಂಡೆ. ನಡುವೆ ಒದ್ದೆ. ಬಿಡಿಸಿ ನೋಡಿದರೆ ಒಂದು ಮೂಲೆಯಲ್ಲಿ ನೂಲು ಕಿತ್ತು ಬಂದು ಹಲ್ಲಿನ ಗುರುತುಗಳು ಸಾಲಾಗಿದ್ದವು, ಬಟ್ಟೆ ಹಗ್ಗದ ಹಾಗೆ ಹೊಸೆದುಹೋಗಿತ್ತು. ನನಗೆ ಕಾನ್ವೆಂಟಿನ ವರಾಂಡ ಕಣ್ಣಿಗೆ ಬಂತು. ಚುಚ್ಚುಮದ್ದಿಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಅಳುವವರನ್ನು ಸಿಸ್ಟರು ಗದರುತ್ತಿದ್ದರು. ಅಕ್ಕ ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ತೋಳು ಒಡ್ಡುತ್ತಿದ್ದಳು, ಆಮೇಲೆ ನನ್ನ ಬಾಯಿಗೂ ಅದನ್ನೇ ಕೊಡುತ್ತಿದ್ದಳು.

ಟವೆಲನ್ನು ಮತ್ತೆ ಅವಳು ಮಡಿಸಿದ್ದಂತೆಯೇ ಮಡಿಸಿ ದಿಂಬಿನ ಮೇಲಿಟ್ಟು ಕೆಳಗೆ ಬಂದೆ. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ಇಳಿದು ಬಂದಾಗ ಅತ್ತೆ, ಚೆನ್ನಾಗಿ ನಿದ್ದೆ ಬಂತಾ ಎಂದು ಕೇಳಿದರು. ಕೊರಡಿನ ಹಾಗೆ ಮಲಗಿದ್ದೆ ಅತ್ತೆ, ಗೊರಕೆ ಹೊಡೆದು ನಿಮ್ಮ ನಿದ್ದೆ ಕೆಡಿಸಿದ್ನಾ ಅಂದಳು. ಇಲ್ಲಪ್ಪ, ಒಂದು ಉಸಿರೂ ಕೇಳಿಸ್ಲಿಲ್ಲ ಎಂದರು ಅತ್ತೆ. ಅಕ್ಕ ಕಾಫಿ ಲೋಟಕ್ಕೆ ಕೈ ಚಾಚಿದಳು. ಲೋಟ ಬಟ್ಟಲಿಗೆ ಟಣ್ ಎಂದು ತಾಗಿತು. ನಾನು ಒಲೆಯ ಕಡೆ ತಿರುಗಿಕೊಂಡೆ.

ಅಂದು ಆಸ್ಪತ್ರೆಗೆ ರಜೆ. ಮನೆಯವರು ಸ್ನಾನ ಮುಗಿಸಿದವರೇ ಬೇರೆ ಯಾವುದಕ್ಕೂ ಕಾಯದೆ ಕೈಮುಗಿದು ಎಲ್ಲವನ್ನೂ ಚಾಲೂ ಮಾಡಿದರು. ಬಿಸಿಲು ಅಂದೂ ಇತ್ತು. ಸಂಜೆಯೊಳಗೆ ಕಾರೂ ತುಂಬಿತು, ಬ್ಯಾಟರಿಯೂ ಅರ್ಧ ದಾಟಿತು. ಹೊರಡುವಾಗ ಇವರು ಅಕ್ಕನ ಎದುರು ನಿಂತು ಏನೋ ಹೇಳಲು ಹೋಗಿ, ಕಡೆಗೆ, ಕಾರಿನ ಕನ್ನಡಿಗೆ ಹಾಕಿದ ಹೂವು ತೆಗೀಲಾ, ಅಡ್ಡ ಬರುತ್ತೆ ಎಂದು ನನ್ನನ್ನು ಕೇಳಿದರು.

ದಾರಿಯಲ್ಲಿ ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಒಂದು ಕೈ ಸೀಟಿನ ಬದಿಯನ್ನು ಹಿಡಿದಿತ್ತು. ಭದ್ರಾ ಸೇತುವೆ ದಾಟಿ ಗಲ್ಲಿಗೆ ತಿರುಗಿದಾಗ ತಾನೇ ಕಣ್ಣು ಬಿಟ್ಟಳು. ಒಳಗೆ ಬಂದು ದೀಪ ಹಚ್ಚಿಕೊಡುತ್ತೇನೆಂದರೆ ಬೇಡವೆಂದಳು. ನಾಳೆ ಭಾನುವಾರ, ನಾಡಿದ್ದು ಬಾ, ಹುಷಾರಾಗಿ ಹೋಗು ಎಂದು ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಯಿತು.

ನಾನು ಕಾರಿನಲ್ಲಿ ಕೂತೆ, ಆದರೆ ಹೊರಡಲಾಗಲಿಲ್ಲ. ಬನ್ನಿ ಮುಡಿಯಲು ಹೋಗುವವರ ಗುಂಪೊಂದು ಗಲ್ಲಿಯ ಬಾಯಲ್ಲಿ ನಿಂತಿತ್ತು, ಯಾರಿಗೋ ಕಾಯುತ್ತಿದ್ದರು. ಸರಿಯಲಿ ಎಂದು ಸುಮ್ಮನೆ ಕೂತೆ. ಕಿಟಕಿಯ ಗಾಜು ಇಳಿದಿತ್ತು. ಬೇರೆ ಕಾರಾಗಿದ್ದರೆ ಎಂಜಿನ್ನು ಗುರ್ ಎನ್ನುತ್ತಿರುತ್ತಿತ್ತು. ಇದು ನಿಂತಿದೆಯೋ ಹೋಗಿದೆಯೋ ಮನೆಯೊಳಗಿದ್ದವರಿಗೆ ತಿಳಿಯುವುದಿಲ್ಲ. ಅಕ್ಕನ ಕಿಟಕಿ ನನ್ನಿಂದ ಕೈಯಳತೆಯಲ್ಲಿತ್ತು. ಮೊದಲು ಚೀಲ ಇಟ್ಟ ಸದ್ದು ಕೇಳಿತು, ಆಮೇಲೆ ಮಂಚ ಕಿರ್ರೆಂದದ್ದು. ಆಮೇಲೆ ಅವಳ ದನಿ.

ಅಂಥ ದನಿಯನ್ನು ಹೆರಿಗೆ ವಾರ್ಡಿನ ಹೊರಗೆ ಕೇಳಿದ್ದೆ. ಉದ್ದಕ್ಕೆ ಎಳೆದು, ಉಸಿರಿಗೆಂದು ನಿಂತು, ಮತ್ತೆ ಅಲ್ಲಿಂದಲೇ ಶುರುವಾಗುವ ಕೂಗು. ನಡುನಡುವೆ ಅಮ್ಮನನ್ನು ಕರೆಯುತ್ತಿದ್ದಳು, ಒಮ್ಮೆ ಬೈದಳು. ಯಾರನ್ನು ಬೈದಳೋ. ಹಿಂದಿನ ಇಡೀ ರಾತ್ರಿ, ಆ ದಿನದ ಹಗಲು, ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದ ದಾರಿ, ಎಲ್ಲವೂ ಸೇರಿ ಒಮ್ಮೆಗೇ ಹೊರಗೆ ಬರುತ್ತಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ. ಅವಳಿಗೆ ಇದು ದಿನದ್ದು.

ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಇಳಿದು ಬಾಗಿಲು ಬಡಿದರೆ ಅವಳು ಥಟ್ಟನೆ ನಿಲ್ಲಿಸುತ್ತಾಳೆ. ಸೆರಗು ಸರಿಮಾಡಿಕೊಂಡು ಬಂದು ತೆಗೆಯುತ್ತಾಳೆ, ಏನು ಮರೆತೆಯೇ ಅನ್ನುತ್ತಾಳೆ. ಅಷ್ಟು ಗೊತ್ತಿತ್ತು. ಗುಂಪು ಸರಿದ ಮೇಲೆ ನಾನು ಹೊರಟೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇವರಿಗೆ ಮಾತ್ರ, ಏನೇ ಆಗಲಿ ಅಕ್ಕನನ್ನು ಸಂಜೆ ಮನೆ ಮುಟ್ಟಿಸುವುದು ಇನ್ನು ತಪ್ಪಬಾರದು ಎಂದೆ. ಯಾಕೆಂದು ಅವರು ಕೇಳಲಿಲ್ಲ. ತಲೆ ಮಾತ್ರ ಆಡಿಸಿದರು.

ಮುಂದಿನ ಸಲ ಅವಳನ್ನು ಬಿಟ್ಟು ಹೊರಟಾಗ ಗಲ್ಲಿಯ ತಿರುವಿನಲ್ಲಿ ನಾನು ಒಂದು ಸಲ ಹಾರನ್ ಒತ್ತಿದೆ. ಮೆಲ್ಲಗೆ, ಅವಳಿಗೆ ಕೇಳುವಷ್ಟು. ಅದರ ಮರುದಿನವೂ ಒತ್ತಿದೆ. ಆ ವಾರ ಒಂದು ಬೆಳಿಗ್ಗೆ ಸೀಟ್ ಬೆಲ್ಟು ಹಾಕಿಕೊಳ್ಳುತ್ತ ಅವಳು ನನ್ನ ಮುಖ ನೋಡದೆ ಕೇಳಿದಳು.

"ಸಂಜೆ ಹಾರನ್ ಹೊಡೀತೀಯಲ್ಲ, ಯಾರಾದ್ರೂ ಅಡ್ಡ ಬರ್ತಾರಾ?"

"ಇಲ್ಲ. ಹೋದೆ ಅಂತ ಗೊತ್ತಾಗ್ಲಿ ಅಂತ."

ಅವಳು ಬೆಲ್ಟಿನ ಪಟ್ಟಿಯನ್ನು ನೋವಿಲ್ಲದ ಕಡೆಗೆ ಸರಿಸಿಕೊಂಡಳು.

"ಹೊಡಿ. ಒಳ್ಳೇದು," ಅಂದಳು.

ಆ ಸಂಕ್ರಾಂತಿಯ ಆಚೆಗೆ ಅವಳಿಗೆ ದಿನಗಳು ಉಳಿದಿರಲಿಲ್ಲ. ಅಷ್ಟರವರೆಗೆ ಇನ್ನೊಂದು ರಾತ್ರಿಯನ್ನೂ ಅವಳು ಬೇರೆಯವರ ಮನೆಯಲ್ಲಿ ಕಳೆಯಲಿಲ್ಲ. ಅವಳನ್ನು ಬಿಟ್ಟು ಹೊರಟ ಪ್ರತಿ ಸಂಜೆ ನಾನು ತಿರುವಿನಲ್ಲಿ ಹಾರನ್ ಒತ್ತುತ್ತಿದ್ದೆ, ಕಿಟಕಿಯ ಗಾಜು ಏರಿಸುತ್ತಿದ್ದೆ, ಸೇತುವೆ ದಾಟುವವರೆಗೆ ಇಳಿಸುತ್ತಿರಲಿಲ್ಲ.